ಭಾವ, ಕ್ಯಾಮೆರಾ ಕೆಟ್ಟಿದೆ!

ಕ್ಯಾಮೆರಾ ಕೊಂಡವರಿಗೆ ಅಂಗಡಿಯವರು ಮೊದಲು ತಗಲಿಹಾಕುವುದು ಯುವಿ ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಕೂರಿಸುವ, ಅತಿನೇರಳೆ ಕಿರಣ ತಡೆಯುವ ಗಾಜು. "ಲೆನ್ಸಿಗೆ ಸೇಫ್ಟಿ ಸಾರ್" ಅನ್ನುತ್ತಾರೆ. ಫಿಲ್ಮ್ ರೀಲ್ ಕಾಲದಲ್ಲಿ ಅದಕ್ಕೆ ನಿಜವಾಗಿ ಕೆಲಸ ಇತ್ತು. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಮುಂದೆ ಆ ಕಿರಣ ತಡೆಯುವ ಗಾಜು ಮೊದಲೇ ಕೂತಿರುತ್ತದೆ. ಇನ್ನು ಉಳಿದದ್ದು ಧೂಳು ಮತ್ತು ಮಕ್ಕಳ ಎಣ್ಣೆಗೈ. ಅಷ್ಟಕ್ಕೆ ಬೇಕಿದ್ದರೆ ಹಾಕಿಕೊಳ್ಳಿ.

ಆದರೆ ಅಗ್ಗದ್ದನ್ನು ಹಾಕಿಕೊಂಡು ರಾತ್ರಿ ಮೈಸೂರು ಅರಮನೆ ಮುಂದೆ ಮಾತ್ರ ನಿಲ್ಲಬೇಡಿ. ಅಲ್ಲಿರುವುದು ಸುಮಾರು ಒಂದು ಲಕ್ಷ ಬಲ್ಬು. ನಮ್ಮ ಫೋಟೊದಲ್ಲಿ ಜಾಸ್ತಿ ಬಂದಿದ್ದವು. ಕಪ್ಪು ಆಕಾಶದಲ್ಲಿ ಹಸಿರು ಚುಕ್ಕೆಗಳು, ಅದೂ ತಲೆಕೆಳಗಾಗಿ! ಫಿಲ್ಟರಿನ ಗಾಜಿಗೂ ಕ್ಯಾಮೆರಾ ಒಳಗೂ ಬೆಳಕು ಪುಟಿದಾಡಿದರೆ ಹೀಗೆ. ಅತ್ತೆ ಫೋಟೊ ನೋಡಿ, "ಈ ಸಲ ಮೇಲಕ್ಕೂ ಸೀರಿಯಲ್ ಸೆಟ್ ಬಿಟ್ಟಿದ್ದಾರಾ?" ಅಂದರು.

ದುಡ್ಡು ಹಾಕುವುದಾದರೆ ಪೋಲರೈಸರ್ ಅನ್ನುವ, ಉಂಗುರ ತಿರುಗಿಸುವ ಫಿಲ್ಟರಿಗೆ ಹಾಕಿ. ನೀರಿನ ಮೇಲಿನ ಹೊಳಪು, ಒದ್ದೆ ಎಲೆಯ ಬಿಳಿ ಮಿಂಚು ಇವನ್ನೆಲ್ಲ ತೆಗೆದು ಒಳಗಿನ ಬಣ್ಣ ತೋರಿಸುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ಸರಿಯಾಗಿ ಮಾಡಲು ಬರುವುದಿಲ್ಲ. ಉಂಗುರ ತಿರುಗಿಸುತ್ತಾ ಕಣ್ಣಿಟ್ಟು ನೋಡುತ್ತಿರಬೇಕು, ಅಷ್ಟೇ.

ಆ ಅಷ್ಟೇ ಅನ್ನುವುದು ನನ್ನ ಬಾಮೈದನಿಗೆ ಹಿಡಿಸುವುದಿಲ್ಲ. ಜೋಗದಲ್ಲಿ ಬಿಸಿಲು ಬಿದ್ದು, ಕಣಿವೆಯ ತುಂತುರಿನಲ್ಲಿ ಕಾಮನಬಿಲ್ಲು ಮೂಡಿತ್ತು. ಕ್ಯಾಮೆರಾ ಕಸಿದುಕೊಂಡ. ಉಂಗುರ ಅತ್ತ ಇತ್ತ ತಿರುವಿದ. ಕಾಮನಬಿಲ್ಲು ಮಾಯ! ಕ್ಯಾಮೆರಾ ಕೆಳಗಿಳಿಸಿದ, ಬಿಲ್ಲು ಇದೆ. ಕಣ್ಣಿಗೆ ಹಿಡಿದ, ಇಲ್ಲ. "ಭಾವ, ಕ್ಯಾಮೆರಾ ಕೆಟ್ಟಿದೆ!" ಅಂತ ಕೂಗಿದ್ದಕ್ಕೆ ಪಕ್ಕದ ಕುಟುಂಬದವರೂ ನಮ್ಮನ್ನು ಅಯ್ಯೋ ಪಾಪ ಅಂತ ನೋಡಿದರು. ಕಾಮನಬಿಲ್ಲಿನ ಬೆಳಕೇ ಪೋಲರೈಸ್ ಆಗಿರುತ್ತದೆ, ಅಂದರೆ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ ಕಣೋ, ಕಾಲು ಸುತ್ತು ತಿರುಗಿಸು, ಇನ್ನೂ ಗಾಢವಾಗಿ ಕಾಣುತ್ತದೆ ಅಂತ ನಾನು ವಿವರಿಸುವಷ್ಟರಲ್ಲಿ ಮಂಜು ಎದ್ದು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಪರದೆಯ ಹಿಂದೆ ಹೋದವು.

ಮಂಜು ಸರಿದ ಮೇಲೆ ಎನ್‌ಡಿ ಹಾಕಿದೆವು. ಬೆಳಕು ಕಡಿಮೆ ಮಾಡುವ ಕಪ್ಪು ಗಾಜು ಅದು. ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ; ಹತ್ತು ಸ್ಟಾಪಿನದಾದರೆ ಸೆಕೆಂಡಿನ 1/60ರಲ್ಲಿ ಆಗುವ ಫೋಟೊಗೆ ಸುಮಾರು 17 ಸೆಕೆಂಡು ಬೇಕು. ಜಲಪಾತ ಹಾಲು ಸುರಿದ ಹಾಗೆ ಬರುತ್ತದೆ, ನಿಜ. ಆದರೆ ಮುಂದೆ ನೆಂಟರನ್ನು ನಿಲ್ಲಿಸಬಾರದು. "ಯಾರೂ ಅಲ್ಲಾಡಬೇಡಿ" ಅಂದರೂ ಅತ್ತೆ ಚುರುಮುರಿ ಪೊಟ್ಟಣವನ್ನು ಕೋತಿಯಿಂದ ಉಳಿಸಿಕೊಳ್ಳಲು ಹೋದರು. ಫೋಟೊದಲ್ಲಿ ಅವರ ಸೀರೆ ಮಾತ್ರ ಹೊಗೆಯಾಗಿ ನಿಂತಿದೆ.

ಫಿಲ್ಟರ್ ಕೊಳ್ಳುವಾಗ ನಿಮ್ಮ ದೊಡ್ಡ ಲೆನ್ಸಿನ ಬಾಯಿಯ ಅಳತೆಗೇ ಕೊಳ್ಳಿ. 77 ಮಿಲಿಮೀಟರ್‌ನದು ಇದ್ದರೆ 67ರ ಲೆನ್ಸಿಗೂ 58ರದಕ್ಕೂ ಸ್ಟೆಪ್-ಅಪ್ ರಿಂಗ್ ಅನ್ನುವ, ಅಳತೆ ಹೊಂದಿಸುವ ಬಳೆ ಹಾಕಿ ಕೂರಿಸಬಹುದು. ತುಂಬಾ ಬಿಗಿ ಮಾಡಬೇಡಿ. ಸಿಕ್ಕಿಕೊಂಡರೆ ಅಂಚಿಗೆ ಅಗಲದ ರಬ್ಬರ್ ಬ್ಯಾಂಡ್ ಸುತ್ತಿ ಮೆತ್ತಗೆ ತಿರುಗಿಸಿ, ಬಿಚ್ಚುತ್ತದೆ. ಬಾಮೈದ ಆಗಲೇ ಕಾರಿನ ಡಿಕ್ಕಿಯಿಂದ ಇಕ್ಕಳ ತರಲು ಹೊರಟಿದ್ದ.