18ಕ್ಕೆ ವೋಟು ಕೊಟ್ಟವರು ಬಾಟ್ಲಿ ಯಾಕೆ ಕೊಡಬಾರದು?

ಕುಡಿಯುವ ವಯಸ್ಸನ್ನು ಇಳಿಸಬೇಕು ಅನ್ನುವವರ ಹತ್ತಿರ ಒಂದು ವಾದ ಯಾವಾಗಲೂ ರೆಡಿ ಇರುತ್ತದೆ. 18ಕ್ಕೆ ವೋಟು ಹಾಕಬಹುದು. ಸೈನ್ಯಕ್ಕೆ ಸೇರಿ ಬಂದೂಕು ಹಿಡಿಯಬಹುದು. ತಪ್ಪು ಮಾಡಿ ಸಿಕ್ಕಿಬಿದ್ದರೆ ದೊಡ್ಡವರ ಜೈಲಿಗೇ ಹೋಗಬೇಕು. ಇಷ್ಟೆಲ್ಲ ಆದಮೇಲೆ ಒಂದು ಬಿಯರ್‌ಗೆ ಮಾತ್ರ ಯಾಕೆ 21ರ ತನಕ ಕಾಯಬೇಕು? ನನ್ನ ಅಕ್ಕನ ಮಗನಿಗೆ ಈಗ 19. ಅವನದೂ ಇದೇ ಪ್ರಶ್ನೆ. "ಮಾಮ, ದೇಶ ಯಾರು ಆಳಬೇಕು ಅಂತ ನಾನು ತೀರ್ಮಾನ ಮಾಡಬಹುದು, ನನ್ನ ಗ್ಲಾಸಲ್ಲಿ ಏನಿರಬೇಕು ಅಂತ ಮಾಡೋ ಹಾಗಿಲ್ವಾ?" ಅಂತಾನೆ. ಮಾತು ಜೋರಾಗಿದೆ, ಚಪ್ಪಾಳೆ ಗಿಟ್ಟುತ್ತದೆ. ಆದರೂ ನನಗೆ ಒಪ್ಪಿಗೆಯಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಮಡಿವಂತನಲ್ಲ. ಗೆಳೆಯರು ಸೇರಿದಾಗ ನಾನೂ ಕುಡಿಯುತ್ತೇನೆ. ಕುಡಿತ ಪಾಪ, ಕುಡಿಯುವವರೆಲ್ಲ ಕೆಟ್ಟವರು ಅಂತ ಸಾರಲು ಈ ಬರಹ ಅಲ್ಲ.

ವೋಟಿನ ವಾದದ ಹಿಂದೆ ಒಂದು ನಂಬಿಕೆ ಇದೆ. ಮನುಷ್ಯ ಒಂದು ದಿನ ದೊಡ್ಡವನಾಗುತ್ತಾನೆ, ಆ ದಿನ ಎಲ್ಲ ಬಾಗಿಲೂ ಒಟ್ಟಿಗೇ ತೆರೆಯಬೇಕು ಅಂತ. ಯಾವ ದೇಶದಲ್ಲೂ ಹಾಗಿಲ್ಲ. 21ರ ಕಾನೂನಿಗೆ ಹೆಸರಾದ ಅಮೆರಿಕವನ್ನೇ ನೋಡಿ. ಅಲ್ಲಿ ಬಹಳಷ್ಟು ರಾಜ್ಯಗಳಲ್ಲಿ 16ಕ್ಕೇ ಕಾರು ಓಡಿಸಬಹುದು. 18ಕ್ಕೆ ವೋಟು. ಸಂಸತ್ತಿನ ಕೆಳಮನೆಗೆ ಹೋಗಲು 25 ಆಗಬೇಕು, ಸೆನೆಟ್‌ಗೆ 30, ಅಧ್ಯಕ್ಷರಾಗಲು 35. 34 ವರ್ಷದವರು ಯಾರೂ ತಮ್ಮನ್ನು ಮಕ್ಕಳ ಹಾಗೆ ನೋಡಿದರು ಅಂತ ಬೀದಿಗೆ ಇಳಿದಿಲ್ಲ. ಜಪಾನ್ 2022ರ ಏಪ್ರಿಲ್‌ನಲ್ಲಿ ಪ್ರಾಪ್ತ ವಯಸ್ಸನ್ನು 20ರಿಂದ 18ಕ್ಕೆ ಇಳಿಸಿತು. ಆದರೆ ಕುಡಿತ, ಸಿಗರೇಟು, ಕುದುರೆ ಜೂಜು ಈ ಮೂರನ್ನು 20ರಲ್ಲೇ ಬಿಟ್ಟಿತು. 18ಕ್ಕೆ ಸ್ವಂತ ಸಹಿ ಹಾಕಿ ಸಾಲ ತೆಗೆಯಬಹುದು, ಬಿಯರ್ ಕೊಳ್ಳುವ ಹಾಗಿಲ್ಲ. ಒಂದೊಂದು ಕೆಲಸದ ಅಪಾಯ ಒಂದೊಂದು ಥರ, ಹಾಗಾಗಿ ವಯಸ್ಸೂ ಬೇರೆ ಬೇರೆ.

ನನ್ನ ಕಡೆಯವರು ಎತ್ತುವ ಇನ್ನೊಂದು ವಾದವನ್ನೂ ಇಲ್ಲೇ ಕೈಬಿಡುತ್ತೇನೆ. ಮಿದುಳು 25ರ ಆಸುಪಾಸಿನವರೆಗೆ ಬೆಳೆಯುತ್ತಲೇ ಇರುತ್ತದೆ, ಆದ್ದರಿಂದ ಕುಡಿಯಬಾರದು ಅನ್ನುವುದು ಅದು. ಬೆಳೆಯುವುದು ನಿಜ. ಆದರೆ ಆ ಲೆಕ್ಕ ಹಿಡಿದರೆ ವೋಟು, ಮದುವೆ, ಸಾಲ ಎಲ್ಲವನ್ನೂ 25ಕ್ಕೆ ತಳ್ಳಬೇಕಾಗುತ್ತದೆ. 21 ಅನ್ನುವ ಸಂಖ್ಯೆಯನ್ನು ಮಿದುಳಿನಿಂದ ಹೆಕ್ಕಿ ತೆಗೆಯಲು ಆಗುವುದಿಲ್ಲ. ಅದು ಬಂದದ್ದು ರಸ್ತೆಯಿಂದ.

ಆ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ವಿಯೆಟ್ನಾಂ ಯುದ್ಧದ ಕಾಲ. 18ರ ಹುಡುಗರನ್ನು ಯುದ್ಧಕ್ಕೆ ಕಳಿಸುತ್ತೀರಿ, ವೋಟು ಮಾತ್ರ 21ಕ್ಕೆ ಕೊಡುತ್ತೀರಿ ಅಂತ ಅಮೆರಿಕದಲ್ಲಿ ದೊಡ್ಡ ಗಲಾಟೆ ನಡೆಯಿತು. ಅದು ನ್ಯಾಯವಾದ ಗಲಾಟೆಯೇ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂತು, ವೋಟಿನ ವಯಸ್ಸು 18 ಆಯಿತು. ಅದೇ ಅಲೆಯಲ್ಲಿ 1970ರಿಂದ 1975ರ ನಡುವೆ 29 ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು. ಕೆಲವು 18ಕ್ಕೆ, ಕೆಲವು 19ಕ್ಕೆ, ಇನ್ನು ಕೆಲವು 20ಕ್ಕೆ. ಅಂದರೆ ನಾವು ಈಗ ಮಾಡುತ್ತಿರುವ ಚರ್ಚೆಯನ್ನು ಅವರು ಆಗಲೇ ಮಾಡಿ, ಇಳಿಸಿಯೂ ನೋಡಿದ್ದಾರೆ.

ಏನಾಯಿತು? ಇಳಿಸಿದ ರಾಜ್ಯಗಳಲ್ಲಿ ಆ ವಯಸ್ಸಿನವರ ವಾಹನ ಅಪಘಾತ ಜಾಸ್ತಿಯಾಯಿತು. ಇನ್ನೊಂದು ತೊಂದರೆಯನ್ನು ಯಾರೂ ಯೋಚಿಸಿಯೇ ಇರಲಿಲ್ಲ. ಒಂದು ರಾಜ್ಯದಲ್ಲಿ 21, ಪಕ್ಕದ ರಾಜ್ಯದಲ್ಲಿ 18. ಹುಡುಗರು ಸಂಜೆ ಕಾರು ಹತ್ತಿ ಗಡಿ ದಾಟಿ ಹೋಗುವುದು, ಹೊಟ್ಟೆ ತುಂಬ ಕುಡಿಯುವುದು, ರಾತ್ರಿ ಅದೇ ಕಾರಿನಲ್ಲಿ ವಾಪಸ್ ಬರುವುದು. ಎಷ್ಟೋ ಮಕ್ಕಳು ಮನೆ ಮುಟ್ಟಲಿಲ್ಲ. ಆ ಗಡಿಗಳಿಗೆ ರಕ್ತದ ಗಡಿಗಳು ಅಂತಲೇ ಹೆಸರು ಬಿತ್ತು. 1980ರಲ್ಲಿ ಕ್ಯಾಂಡಿ ಲೈಟ್ನರ್ ಎಂಬ ತಾಯಿ, ಕುಡಿದು ಕಾರು ಓಡಿಸಿದವನೊಬ್ಬ ಅವರ 13 ವರ್ಷದ ಮಗಳನ್ನು ಕೊಂದ ಮೇಲೆ, ಕುಡಿದು ಓಡಿಸುವುದರ ವಿರುದ್ಧ ತಾಯಂದಿರ ಸಂಘಟನೆ ಕಟ್ಟಿದರು. 1984ರಲ್ಲಿ ಅಧ್ಯಕ್ಷ ರೇಗನ್ ಕಾನೂನಿಗೆ ಸಹಿ ಹಾಕಿದರು. ಅದರ ಜಾಣತನ ನೋಡಿ. ರಾಜ್ಯಗಳಿಗೆ ನೇರವಾಗಿ ಅಪ್ಪಣೆ ಕೊಡಲಿಲ್ಲ. ವಯಸ್ಸನ್ನು 21ಕ್ಕೆ ಏರಿಸದಿದ್ದರೆ ಹೆದ್ದಾರಿಗೆ ಕೊಡುವ ಕೇಂದ್ರದ ಹಣದಲ್ಲಿ 10 ಪರ್ಸೆಂಟ್‌ವರೆಗೆ ಕಡಿತ ಅಂದರು. ಸೌತ್ ಡಕೋಟಾ ಕೋರ್ಟಿಗೆ ಹೋಯಿತು. ಸುಪ್ರೀಂ ಕೋರ್ಟು 1987ರಲ್ಲಿ ಕೇಂದ್ರದ ಪರ ತೀರ್ಪು ಕೊಟ್ಟಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ 21 ಆಯಿತು. ಕೊನೆಗೆ ಒಪ್ಪಿದ್ದು ವಯೋಮಿಂಗ್.

ಅದಾದ ಮೇಲೆ ಸಾವು ಕಡಿಮೆಯಾದವು ಅಂದರೆ ತಕ್ಷಣ ಒಂದು ತಕರಾರು ಬರುತ್ತದೆ. ಅದೇ ಕಾಲಕ್ಕೆ ಸೀಟ್ ಬೆಲ್ಟ್ ಬಂತು, ಕಾರುಗಳು ಸುಧಾರಿಸಿದವು, ಪೊಲೀಸರು ಬಿಗಿಯಾದರು. 21ರ ಕಾನೂನಿಗೇ ಯಾಕೆ ಹಾರ ಹಾಕುತ್ತೀರಿ ಅಂತ. ಸರಿಯಾದ ತಕರಾರು. ವಯಸ್ಸನ್ನು 21ಕ್ಕೆ ಏರಿಸದ ಕೆನಡಾದಲ್ಲೂ ಆ ವರ್ಷಗಳಲ್ಲಿ ಕುಡಿದು ಓಡಿಸಿ ಸಾಯುವುದು ಕಡಿಮೆಯಾಗಿತ್ತು.

ಈ ತಕರಾರನ್ನು ದಾಟಲು ಕ್ರಿಸ್ಟೋಫರ್ ಕಾರ್ಪೆಂಟರ್ ಮತ್ತು ಕಾರ್ಲೋಸ್ ಡಾಬ್ಕಿನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ದಾರಿ ಹುಡುಕಿದರು. 2009ರ ಅವರ ಅಧ್ಯಯನ ನನಗೆ ತುಂಬ ಹಿಡಿಸಿತು. ಅವರು ರಾಜ್ಯಗಳನ್ನು ಹೋಲಿಸಲಿಲ್ಲ, ದಶಕಗಳನ್ನೂ ಹೋಲಿಸಲಿಲ್ಲ. 21ನೇ ಹುಟ್ಟುಹಬ್ಬದ ಆಚೆ ಈಚೆ ಏನಾಗುತ್ತದೆ ಅಂತ ನೋಡಿದರು. 20 ವರ್ಷ 11 ತಿಂಗಳಿನವನಿಗೂ 21 ವರ್ಷ ಒಂದು ತಿಂಗಳಿನವನಿಗೂ ಏನು ವ್ಯತ್ಯಾಸ ಇರಲು ಸಾಧ್ಯ ಹೇಳಿ? ಕಾರು ಅದೇ, ರಸ್ತೆ ಅದೇ, ಸೀಟ್ ಬೆಲ್ಟ್ ಅದೇ, ಬುದ್ಧಿಯೂ ಹೆಚ್ಚುಕಮ್ಮಿ ಅಷ್ಟೇ. ಬದಲಾಗಿದ್ದು ಒಂದೇ, ಈಗ ಅಂಗಡಿಯವನು ಬಾಟ್ಲಿ ಕೊಡುತ್ತಾನೆ. ಆ ಗೆರೆ ದಾಟುತ್ತಿದ್ದ ಹಾಗೇ ಸಾವಿನ ಪ್ರಮಾಣ ಸುಮಾರು 9 ಪರ್ಸೆಂಟ್ ಮೇಲಕ್ಕೆ ಜಿಗಿಯುತ್ತದೆ. ಹೆಚ್ಚಿದ್ದು ಮುಖ್ಯವಾಗಿ ವಾಹನ ಅಪಘಾತ, ಆತ್ಮಹತ್ಯೆ ಮತ್ತು ಅತಿಯಾಗಿ ಕುಡಿದು ಆಗುವ ಸಾವು.

"ಹಾಗಾದರೆ ಆ ಜಿಗಿತ 18ಕ್ಕೆ ಆಗೋದು 21ಕ್ಕೆ ಆಯ್ತು, ಅಷ್ಟೇ ತಾನೆ?" ಅಂತ ಕೇಳಬಹುದು. ಅಷ್ಟೇ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. 18ಕ್ಕೆ ಹುಡುಗ ಅಥವಾ ಹುಡುಗಿ ಸ್ಟೇರಿಂಗ್ ಹಿಡಿದು ಒಂದೆರಡು ವರ್ಷ ಆಗಿರುತ್ತದೆ, ಕೆಲವರಿಗೆ ಅಷ್ಟೂ ಇಲ್ಲ. ಮನೆ ಬಿಟ್ಟು ಹಾಸ್ಟೆಲ್ಲಿಗೋ ಹೊಸ ಊರಿಗೋ ಬಂದಿರುತ್ತಾರೆ. ಯಾರು ನಿಜವಾದ ಗೆಳೆಯರು ಅಂತಲೂ ಗೊತ್ತಿರುವುದಿಲ್ಲ. ಅದೇ ವರ್ಷ ಕೈಗೆ ಗ್ಲಾಸನ್ನೂ ಕೊಡುವುದಕ್ಕಿಂತ, ಡ್ರೈವಿಂಗ್ ಕೈಗೆ ಹತ್ತಿ, ಹೊಸ ಊರು ಹಳೆಯದಾದ ಮೇಲೆ ಕೊಡುವುದು ವಾಸಿ. ಮೂರು ವರ್ಷ ಮುಂದಕ್ಕೆ ಹಾಕುವುದೇ ಒಂದು ಲಾಭ.

ಆದರೆ ನನ್ನ ಮುಖ್ಯ ಕಾರಣ 18ರವರೂ ಅಲ್ಲ. 15, 16, 17ರವರು. ಈ ಚರ್ಚೆಯಲ್ಲಿ ಅವರ ಹೆಸರನ್ನು ಯಾರೂ ಎತ್ತುವುದೇ ಇಲ್ಲ.

15ರ ಹುಡುಗನಿಗೆ ಬಾಟ್ಲಿ ಎಲ್ಲಿಂದ ಬರುತ್ತದೆ? ಅವನು ಅಂಗಡಿಗೆ ಹೋಗುವುದು ಕಡಿಮೆ. ಕೊಳ್ಳಲು ವಯಸ್ಸಾಗಿರುವ ಗೆಳೆಯನೋ, ಅಣ್ಣನೋ, ಗೆಳೆಯನ ಅಣ್ಣನೋ ತಂದುಕೊಡುತ್ತಾನೆ. 18 ಮತ್ತು 16ರವರು ಒಂದೇ ಶಾಲೆಯ ಅಂಗಳದಲ್ಲಿ ಇರುತ್ತಾರೆ, ಒಂದೇ ಟೀಮಿನಲ್ಲಿ ಆಡುತ್ತಾರೆ, ಒಂದೇ ಪಾರ್ಟಿಗೆ ಹೋಗುತ್ತಾರೆ. 21 ಮತ್ತು 16ರವರ ನಡುವೆ ಆ ಸಲಿಗೆ ಇಲ್ಲ. 21ರವನಿಗೆ 16ರವನ ಜೊತೆ ಎಣ್ಣೆ ಹಾಕುವುದೇ ಮುಜುಗರ. ಆದ್ದರಿಂದ ವಯಸ್ಸನ್ನು 18ಕ್ಕೆ ಇಳಿಸಿದರೆ 18ರವರಿಗೆ ಮಾತ್ರ ಇಳಿಸಿದ ಹಾಗಲ್ಲ. ಯಾವ ಸಂಸತ್ತೂ ಮತ ಹಾಕದೆ 15ರವರ ತನಕ ಬಾಟ್ಲಿ ಇಳಿದಿರುತ್ತದೆ.

ಇದು ಸುಮ್ನೆ ಊಹೆಯ ಮಾತಲ್ಲ. ನ್ಯೂಜಿಲೆಂಡ್ 1999ರ ಡಿಸೆಂಬರ್‌ನಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 20ರಿಂದ 18ಕ್ಕೆ ಇಳಿಸಿತು. ಆಮೇಲೆ ಸಂಶೋಧಕರು ರಸ್ತೆ ಅಪಘಾತದ ಗಾಯಾಳುಗಳ ಲೆಕ್ಕ ತೆಗೆದರು. 20ರಿಂದ 24ರವರ ಜೊತೆ ಹೋಲಿಸಿ ನೋಡಿದರೆ, 18 ಮತ್ತು 19ರವರ ಸ್ಥಿತಿ ಕೆಟ್ಟಿತ್ತು. ಅದು ನಿರೀಕ್ಷಿಸಿದ್ದೇ. 15ರಿಂದ 17ರವರದೂ ಕೆಟ್ಟಿತ್ತು. ಕಾನೂನು ಇವರಿಗೆ ಏನೂ ಕೊಟ್ಟಿರಲಿಲ್ಲ. ಆದರೂ ಮುಟ್ಟಿತು.

ಇನ್ನು ಯುರೋಪಿನ ಮಾತು. "ಅಲ್ಲಿ ಮಕ್ಕಳಿಗೆ ಮನೆಯಲ್ಲೇ ಸ್ವಲ್ಪ ಸ್ವಲ್ಪ ಕೊಟ್ಟು ರೂಢಿ ಮಾಡಿಸುತ್ತಾರೆ, ಅದಕ್ಕೇ ದೊಡ್ಡವರಾದಾಗ ಹದ್ದು ಮೀರಲ್ಲ." ಇದನ್ನು ಹೇಳುವವರು ಬಹಳ ಖಚಿತವಾಗಿ ಹೇಳುತ್ತಾರೆ. ಯುರೋಪಿನ ದೇಶಗಳು 1995ರಿಂದ ಸುಮಾರು ನಾಲ್ಕು ವರ್ಷಕ್ಕೊಮ್ಮೆ 15-16ರ ವಿದ್ಯಾರ್ಥಿಗಳನ್ನು ಈ ಬಗ್ಗೆ ಕೇಳುತ್ತಲೇ ಬಂದಿವೆ. ಅಮೆರಿಕದ ಅದೇ ವಯಸ್ಸಿನವರ ಜೊತೆ ಹೋಲಿಸಿದರೆ, ಯುರೋಪಿನ ಹೆಚ್ಚಿನ ದೇಶಗಳ ಮಕ್ಕಳೇ ಜಾಸ್ತಿ ಕುಡಿಯುತ್ತಾರೆ. 16ಕ್ಕೇ ಅಂಗಡಿಯಿಂದ ಬಿಯರ್ ಕೊಳ್ಳಬಹುದಾದ ಡೆನ್ಮಾರ್ಕ್, ಅಮಲೇರುವಷ್ಟು ಕುಡಿಯುವ ಮಕ್ಕಳ ಪಟ್ಟಿಯಲ್ಲಿ ಮತ್ತೆ ಮತ್ತೆ ಮೇಲಿನ ಸಾಲಿನಲ್ಲೇ ಕಾಣಿಸುತ್ತದೆ. ಮನೆಯಲ್ಲಿ ಕೊಟ್ಟು ಕಲಿಸುವ ವಿಚಾರವನ್ನೂ ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿದ್ದಾರೆ. ಸುಮಾರು 1,900 ಮಕ್ಕಳನ್ನು ಆರು ವರ್ಷ ಹಿಂಬಾಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಪ್ಪ ಅಮ್ಮ ಕೊಟ್ಟಿದ್ದರಿಂದ ರಕ್ಷಣೆ ಸಿಕ್ಕಿತು ಅನ್ನುವುದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ಅಂಥ ಮಕ್ಕಳಿಗೆ ಬೇರೆ ಕಡೆಯಿಂದಲೂ ಮದ್ಯ ಸಿಗುವುದು ಜಾಸ್ತಿಯೇ ಆಗಿತ್ತು. ಮನೆಯಲ್ಲಿ ಒಪ್ಪಿಗೆ ಸಿಕ್ಕಿದೆ ಅಂದಮೇಲೆ ಹೊರಗಡೆ ಹಿಂಜರಿಕೆ ಯಾಕೆ ಅಲ್ವಾ?

ಎದುರು ಕಡೆಯಲ್ಲಿ ನಾನು ಗೌರವಿಸುವ ವಾದ ಒಂದಿದೆ. 2008ರಲ್ಲಿ ಅಮೆರಿಕದ ನೂರಕ್ಕೂ ಹೆಚ್ಚು ಕಾಲೇಜುಗಳ ಅಧ್ಯಕ್ಷರು ಒಂದು ಹೇಳಿಕೆಗೆ ಸಹಿ ಹಾಕಿದರು. ಮುಂದಾಳು ಜಾನ್ ಮೆಕಾರ್ಡೆಲ್, ಮಿಡಲ್‌ಬರಿ ಕಾಲೇಜಿನ ಅಧ್ಯಕ್ಷರಾಗಿದ್ದವರು. 21ರ ಕಾನೂನು ಸರಿಯಾಗಿ ಕೆಲಸ ಮಾಡುತ್ತಿಲ್ಲ, ಅದನ್ನು ಮತ್ತೆ ಚರ್ಚೆಗೆ ತರಬೇಕು ಅಂದರು. ಹುಡುಗರು ಕುಡಿಯುವುದನ್ನು ಬಿಟ್ಟಿಲ್ಲ, ಬಾಗಿಲು ಹಾಕಿಕೊಂಡು ಕುಡಿಯುತ್ತಿದ್ದಾರೆ. ಮುಂದೆ ಸಿಗುತ್ತದೋ ಇಲ್ಲವೋ ಅಂತ ಗಬಗಬನೆ ಇಳಿಸುತ್ತಾರೆ. ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದರೆ, ಪೊಲೀಸರು ಬಂದಾರು ಅನ್ನುವ ಹೆದರಿಕೆಗೆ ಆಂಬುಲೆನ್ಸ್ ಕರೆಯುವುದಿಲ್ಲ. ಮಲಗಿಸಿ ಬಿಡುತ್ತಾರೆ. ವಾಂತಿ ಗಂಟಲಿಗೆ ಸಿಕ್ಕಿಕೊಂಡು ಆ ಹುಡುಗ ಬೆಳಗ್ಗೆ ಏಳುವುದೇ ಇಲ್ಲ.

ಈ ಅಪಾಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದಕ್ಕೆ ಮದ್ದು ವಯಸ್ಸು ಇಳಿಸುವುದಲ್ಲ. ಗೆಳೆಯನಿಗಾಗಿ ಸಹಾಯ ಕರೆದವರ ಮೇಲೆ ಕುಡಿದಿದ್ದಕ್ಕೆ ಕೇಸು ಹಾಕುವುದಿಲ್ಲ ಅನ್ನುವ ಕಾನೂನು ಮಾಡಬೇಕು. ಅಮೆರಿಕದ ಹಲವು ರಾಜ್ಯಗಳು ಅದನ್ನು ಮಾಡಿಯೂ ಇವೆ. ಬಾಗಿಲು ಹಾಕಿಕೊಂಡು ಮಿತಿ ಮೀರಿ ಕುಡಿಯುವುದಕ್ಕೆ 21ರ ಕಾನೂನೇ ಕಾರಣ ಅನ್ನುವುದಾದರೆ, 18 ಇರುವ ಬ್ರಿಟನ್ನಿನಲ್ಲಿ ಆ ಚಟ ಇರಬಾರದಿತ್ತು. ಅಲ್ಲಿ ಅದು ಧಾರಾಳವಾಗಿಯೇ ಇದೆ.

ವಯಸ್ಸಿನ ಸಂಖ್ಯೆಗಿಂತ ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಈ ಕಾನೂನಿನ ಏಟು ಬೀಳಬೇಕಾದ್ದು ಮಾರುವವನ ಮೇಲೆ. ಬೀಳುವುದು ಹೆಚ್ಚಾಗಿ ಕುಡಿದ ಹುಡುಗನ ಮೇಲೆ. 19ರ ಹುಡುಗಿಯ ಕೈಯಲ್ಲಿ ಒಂದು ಕ್ಯಾನ್ ಸಿಕ್ಕಿತು ಅಂತ ಅವಳ ಹೆಸರಿಗೆ ಪೊಲೀಸ್ ದಾಖಲೆ ಅಂಟಿಸಿ, ಮುಂದೆ ಕೆಲಸಕ್ಕೆ ಅರ್ಜಿ ಹಾಕಿದಾಗೆಲ್ಲ ಅದು ಅಡ್ಡ ಬರುವ ಹಾಗೆ ಮಾಡುವುದು ಶುದ್ಧ ಅನ್ಯಾಯ. ಅದಕ್ಕೆ ನನ್ನ ಬೆಂಬಲ ಇಲ್ಲ. ಗುರುತಿನ ಚೀಟಿ ನೋಡದೆ ಕೊಟ್ಟ ಅಂಗಡಿಯ ಲೈಸೆನ್ಸ್ ಮೊದಲ ಸಲ ಕೆಲವು ದಿನಕ್ಕೆ, ಮತ್ತೆ ಸಿಕ್ಕಿಬಿದ್ದರೆ ಪೂರ್ತಿಯಾಗಿ ಹೋಗಬೇಕು. ಬ್ರಿಟನ್ನಿನ ಅಂಗಡಿಗಳಲ್ಲಿ ಒಂದು ರೂಢಿ ಇದೆ. ಕೊಳ್ಳುವ ವಯಸ್ಸು 18, ಆದರೆ ನೋಡಲು 25ಕ್ಕಿಂತ ಚಿಕ್ಕವರ ಹಾಗೆ ಕಂಡ ಎಲ್ಲರಿಗೂ ಗುರುತಿನ ಚೀಟಿ ಕೇಳುತ್ತಾರೆ. ಮುಖ ನೋಡಿ 17 ಯಾವುದು 18 ಯಾವುದು ಅಂತ ಯಾರಿಗೂ ಹೇಳಲಾಗುವುದಿಲ್ಲ. ಅದಕ್ಕೇ ಈ ಅಂತರ.

ಕಾನೂನೊಂದೇ ಸಾಲದು ಅನ್ನುವುದಕ್ಕೆ ಐಸ್‌ಲ್ಯಾಂಡ್ ಇದೆ. ಅಲ್ಲಿ ಕುಡಿಯುವ ವಯಸ್ಸು 20. 1998ರಲ್ಲಿ 15-16ರ ಮಕ್ಕಳಲ್ಲಿ 42 ಪರ್ಸೆಂಟ್ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದೆವು ಅಂದಿದ್ದರು. 2016ರಲ್ಲಿ ಅದು 5 ಪರ್ಸೆಂಟ್. ಮಕ್ಕಳಿಗೆ ಸಂಜೆ ಆಡಲು ಕ್ರೀಡಾಂಗಣ, ಅದಕ್ಕೆ ಸರ್ಕಾರದ ದುಡ್ಡು, ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಬೀದಿಯಲ್ಲಿ ಇರಬಾರದು ಅನ್ನುವ ನಿಯಮ, ಅಪ್ಪ ಅಮ್ಮಂದಿರು ಒಬ್ಬರಿಗೊಬ್ಬರು ಮಾತು ಕೊಟ್ಟು ಹಾಕಿದ ಸಹಿ, ಎಲ್ಲ ಸೇರಿ ಆದದ್ದು. ಹೌದು, ದುಡ್ಡು ಖರ್ಚಾಗುತ್ತದೆ.

ಹಾಗಾದರೆ ಈಗಾಗಲೇ 18 ಇರುವ ದೇಶಗಳೆಲ್ಲ ನಾಳೆಯೇ 21 ಮಾಡಬೇಕಾ? ನಾನು ಹಾಗೆ ಹೇಳುವುದಿಲ್ಲ. ನಡುವಿನ ದಾರಿಗಳೂ ಇವೆ. ಸ್ವೀಡನ್‌ನಲ್ಲಿ ಬಾರಲ್ಲಿ ಕೂತು ಕುಡಿಯಲು 18 ಸಾಕು, ಸರ್ಕಾರಿ ಮದ್ಯದಂಗಡಿಯಿಂದ ಬಾಟ್ಲಿ ಕೊಂಡುಹೋಗಲು 20 ಆಗಿರಬೇಕು. ನನಗೆ ಇದು ಬುದ್ಧಿವಂತಿಕೆಯ ಏರ್ಪಾಟು ಅನ್ನಿಸುತ್ತದೆ. ಬಾರಲ್ಲಿ ಕುಡಿದ ಗ್ಲಾಸು ಅಲ್ಲೇ ಉಳಿಯುತ್ತದೆ, ಅಂಗಡಿಯ ಬಾಟ್ಲಿ ಕೆಳಗಿನ ವಯಸ್ಸಿನವರ ಕೈಗೆ ಹೋಗುತ್ತದೆ. ಲಿಥುವೇನಿಯಾ 2018ರಲ್ಲಿ ಒಂದೇ ಏಟಿಗೆ 18ರಿಂದ 20ಕ್ಕೆ ಏರಿಸಿತು, ಮದ್ಯದ ಜಾಹೀರಾತನ್ನೂ ನಿಲ್ಲಿಸಿತು. ನ್ಯೂಜಿಲೆಂಡ್ ಕೂಡ 2012ರಲ್ಲಿ ಮತ್ತೆ ಯೋಚಿಸಿತು. ಸಂಸದರ ಮುಂದೆ ಮೂರು ಆಯ್ಕೆ ಇದ್ದವು: 18ರಲ್ಲೇ ಬಿಡುವುದು, 20ಕ್ಕೆ ಏರಿಸುವುದು, ಇಲ್ಲವೇ ಸ್ವೀಡನ್ ಥರ ಬಾರಿಗೆ 18, ಅಂಗಡಿಗೆ 20. ಪಕ್ಷದ ಅಪ್ಪಣೆ ಇಲ್ಲದೆ, ಅವರವರ ಮನಸ್ಸಿಗೆ ಬಂದ ಹಾಗೆ ಮತ ಹಾಕಿದರು. 18ರಲ್ಲೇ ಬಿಡುವುದು ಗೆದ್ದಿತು. ನಾನು ಅಲ್ಲಿ ಇದ್ದಿದ್ದರೆ ಮೂರನೆಯದಕ್ಕೆ ಕೈ ಎತ್ತುತ್ತಿದ್ದೆ.