ಅದು ‘ವಸ್ತು’ ಅಲ್ಲ, ನನ್ನ ಮಗನ ಹಲ್ಲು

ಮಕ್ಕಳ ಕಲ್ಯಾಣ ಅಧಿಕಾರಿ ನ್ಯಾಯಾಲಯಕ್ಕೆ ಕೊಟ್ಟ ವರದಿಯ ಮೂರನೆಯ ಪುಟದಲ್ಲಿ ಒಂದು ಸಾಲಿದೆ: ‘ಭೇಟಿಯ ಹೆಚ್ಚಿನ ಅವಧಿಯಲ್ಲಿ ಮಗು ತನ್ನ ಜೇಬಿನಲ್ಲಿದ್ದ ವಸ್ತುವಿನಲ್ಲಿ ಮಗ್ನವಾಗಿತ್ತು, ತಾಯಿಯೊಂದಿಗಿನ ಒಡನಾಟ ಸೀಮಿತವಾಗಿತ್ತು.’ ಈ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಓದಿದಾಗಲೆಲ್ಲ ಮೈ ಉರಿಯುತ್ತದೆ. ಆ ‘ವಸ್ತು’ ನನ್ನ ಮಗನ ಹಲ್ಲು. ಅವನಿಗೆ ಮೊದಲು ಬಿದ್ದ ಹಾಲುಹಲ್ಲು. ಅಮ್ಮನಿಗೆ ತೋರಿಸಬೇಕೆಂದು ಕಾಗದದಲ್ಲಿ ಸುತ್ತಿ, ಐದು ದಿನ ಯಾರ ಕೈಗೂ ಕೊಡದೆ ಕಾಪಾಡಿಕೊಂಡು ತಂದಿದ್ದ.

ಅಧಿಕಾರಿ ಕುಳಿತಿದ್ದ ಮೂಲೆಯಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಹೊಸಬರ ಮುಂದೆ ನಾಚಿಕೊಳ್ಳುವ ಮಗು ಅವನು. ಬೇಕೆಂದೇ ಅವರಿಗೆ ಬೆನ್ನು ಮಾಡಿ, ನನ್ನ ಮೊಣಕಾಲಿಗೆ ಒರಗಿ ನಿಂತು, ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿದ. ರಕ್ತ ಬಂತೇ ಎಂದು ಕೇಳಿದೆ. ಬಂತು, ಆದರೆ ನಾನು ಅಳಲಿಲ್ಲ ಎಂದು ಪಿಸುಗುಟ್ಟಿದ. ಹಲ್ಲು ಬಿದ್ದ ಸಂದಿಯಲ್ಲಿ ನಾಲಿಗೆಯ ತುದಿ ತೂರಿಸಿ ತೋರಿಸಿದ. ಮತ್ತೆ ಮಡಚಿದ, ಮತ್ತೆ ಬಿಚ್ಚಿದ. ವಾರಕ್ಕೊಂದು ಗಂಟೆ ಸಿಗುವ ತಾಯಿಯೊಂದಿಗೆ ಆರು ವರ್ಷದ ಮಗು ಇದಕ್ಕಿಂತ ಹೆಚ್ಚು ಇನ್ನು ಹೇಗೆ ‘ಒಡನಾಡಬೇಕಿತ್ತು’? ಅಧಿಕಾರಿ ಎದ್ದು ಬಂದು ‘ಏನಪ್ಪಾ ಅದು?’ ಎಂದು ಕೇಳಲಿಲ್ಲ. ಆಮೇಲೆ ನನ್ನನ್ನೂ ಕೇಳಲಿಲ್ಲ. ದೂರದಿಂದ ಕಂಡದ್ದಕ್ಕೆ ತಾವೇ ಅರ್ಥ ಹಚ್ಚಿಕೊಂಡು ಹಾಳೆಯ ಮೇಲೆ ಇಳಿಸಿದರು.

ಒಂದು ಗಂಟೆಯ ಭೇಟಿಗೆ ಅವರು ಹತ್ತು ನಿಮಿಷ ತಡವಾಗಿ ಬಂದು, ಮುಗಿಯುವುದಕ್ಕೆ ಹತ್ತು ನಿಮಿಷ ಮೊದಲೇ ಎದ್ದು ಹೋದರು. ಮಿಕ್ಕ ನಲವತ್ತು ನಿಮಿಷದಲ್ಲಿ ಎರಡು ಸಲ ಮೊಬೈಲ್ ಹಿಡಿದು ಹೊರಗೆ ಹೋದರು. ಅವರ ಕೈಯಲ್ಲಿ ಪ್ರಕರಣಗಳು ರಾಶಿ ಬಿದ್ದಿವೆ ಎಂದು ನನಗೆ ಗೊತ್ತು. ಸಮಯವಿಲ್ಲದಿರುವುದನ್ನು ನಾನು ಕ್ಷಮಿಸಬಲ್ಲೆ. ಸಮಯವಿರಲಿಲ್ಲ ಎಂದು ವರದಿಯಲ್ಲಿ ಬರೆಯದೆ, ನಮ್ಮಿಬ್ಬರ ಆರು ವರ್ಷಗಳನ್ನೇ ನೋಡಿಬಂದವರಂತೆ ಖಚಿತವಾಗಿ ಬರೆದರಲ್ಲ, ಅದನ್ನು ಕ್ಷಮಿಸಲಾರೆ. ಅದೇ ವರದಿಯ ಮೊದಲ ಪುಟದಲ್ಲಿ ಮಗುವಿನ ವಯಸ್ಸು ಐದು ಎಂದಿದೆ.

ಮಗನನ್ನು ಮಾತನಾಡಿಸಿದ ಬಗೆ ಇನ್ನೂ ಘೋರ. ಅವನು ನನ್ನನ್ನು ನೋಡಲು ಇಷ್ಟಪಡುವುದಿಲ್ಲ ಎಂದು ಎದುರು ಪಕ್ಷದವರು, ಅಂದರೆ ಅವನ ಅಪ್ಪನ ಕಡೆಯವರು, ಹೇಳಿಕೊಂಡಿದ್ದರಿಂದಲೇ ನ್ಯಾಯಾಲಯ ವರದಿ ಕೇಳಿದ್ದು. ಅಂಥ ಪ್ರಶ್ನೆಗೆ ಉತ್ತರ ಹುಡುಕಲು ಅಧಿಕಾರಿ ಹೋದದ್ದು ಎಲ್ಲಿಗೆ? ಅವನ ಅಪ್ಪನ ಮನೆಗೆ. ಪಕ್ಕದ ಕೋಣೆಯಲ್ಲಿ ಅಪ್ಪ, ನಡುವೆ ತೆರೆದ ಬಾಗಿಲು. ಸಂದರ್ಶನದ ಟಿಪ್ಪಣಿಯನ್ನು ನಮ್ಮ ವಕೀಲರು ಕೇಳಿ ಪಡೆದಾಗ ನೋಡಿದೆ: ‘ಅಮ್ಮನ ಹತ್ತಿರ ಹೋಗುವುದಕ್ಕೆ ಬೇಜಾರಾಗುತ್ತದೆಯೇ?’ ಎಂಬ ಒಂದೇ ಪ್ರಶ್ನೆ ಮೂರು ಸಲ ಇದೆ. ಮೊದಲ ಸಲ ಅವನು ಇಲ್ಲ ಎಂದಿದ್ದಾನೆ. ಎರಡನೆಯ ಸಲ ಗೊತ್ತಿಲ್ಲ ಎಂದಿದ್ದಾನೆ. ಮೂರನೆಯ ಸಲ ಹೂಂ ಎಂದಿದ್ದಾನೆ. ವರದಿಗೆ ಹೋದದ್ದು ಆ ಹೂಂ ಒಂದೇ.

ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ, ತಾನು ಮೊದಲು ಹೇಳಿದ್ದು ತಪ್ಪಿರಬೇಕೆಂದು ಎಳೆಯ ಮಕ್ಕಳು ಉತ್ತರ ಬದಲಾಯಿಸಿಬಿಡುತ್ತಾರೆ. ಮನೋವಿಜ್ಞಾನಿಗಳು ದಶಕಗಳಿಂದ ಹೇಳುತ್ತಿರುವ ಮಾತು ಇದು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಂದು ಶಿಶುವಿಹಾರದ ಪ್ರಕರಣದಲ್ಲಿ ಮಕ್ಕಳ ಬಾಯಿಗೆ ಉತ್ತರ ತುರುಕುವಂಥ ಪ್ರಶ್ನೆಗಳನ್ನು ಕೇಳಿ ಕೇಳಿ, ಕೊನೆಗೆ ಯಾವುದು ನಿಜ, ಯಾವುದು ಕಲ್ಪನೆ ಎಂದು ಬೇರ್ಪಡಿಸಲಾಗದ ಸ್ಥಿತಿ ಬಂತು. ವರ್ಷಗಟ್ಟಲೆ ನಡೆದ ಆ ವಿಚಾರಣೆ 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು. ಅಲ್ಲಿಂದೀಚೆಗೆ ಮಕ್ಕಳನ್ನು ಮಾತನಾಡಿಸುವುದಕ್ಕೆ ಸಂಶೋಧಕರು ಒಂದು ಕ್ರಮವನ್ನೇ ರೂಪಿಸಿದ್ದಾರೆ. ‘ಏನಾಯಿತು ಹೇಳು’ ಎಂದು ಕೇಳಬೇಕು, ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಡಬಾರದು. ಈ ಮೊದಲ ಪಾಠವೂ ತಿಳಿಯದವರನ್ನು ಮಗುವಿನ ಮುಂದೆ ಕೂರಿಸಿದವರು ಯಾರು?

ನಾನು ಕಾನೂನು ಓದಿದವಳಲ್ಲ. ಈ ವರದಿ ಬಂದ ಮೇಲೆ ರಾತ್ರಿಗಳಲ್ಲಿ ಕುಳಿತು ಓದಿದೆ. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಒಂಬತ್ತನೆಯ ವಿಧಿ ಹೇಳುತ್ತದೆ: ಹೆತ್ತವರಿಂದ ದೂರವಿರುವ ಮಗುವಿಗೆ ಇಬ್ಬರೊಂದಿಗೂ ನಿಯಮಿತವಾಗಿ ನೇರ ಸಂಪರ್ಕ ಇಟ್ಟುಕೊಳ್ಳುವ ಹಕ್ಕಿದೆ, ಅದು ಮಗುವಿನ ಹಿತಕ್ಕೆ ಮಾರಕವಾಗದ ಹೊರತು. ಹಕ್ಕು ಮಗುವಿನದು. ನನಗೆ ಯಾರೋ ದಯಪಾಲಿಸುವ ಭಿಕ್ಷೆಯಲ್ಲ ಅದು. ಹನ್ನೆರಡನೆಯ ವಿಧಿ ಮಗುವಿನ ಮಾತು ಕೇಳಬೇಕೆನ್ನುತ್ತದೆ. ಹೇಗೆ ಕೇಳಬೇಕು ಎಂಬುದನ್ನು ಒಡಂಬಡಿಕೆಯ ಸಮಿತಿ 2009ರಲ್ಲಿ ವಿವರವಾಗಿ ಬರೆದಿದೆ. ಬೆದರಿಸುವಂಥ, ವಯಸ್ಸಿಗೆ ಒಗ್ಗದ ವಾತಾವರಣದಲ್ಲಿ ಮಗುವಿನ ಮಾತು ನಿಜವಾಗಿ ಕೇಳಿಸುವುದಿಲ್ಲ. ಅಗತ್ಯಕ್ಕಿಂತ ಹೆಚ್ಚು ಸಲ ಪ್ರಶ್ನಿಸಬಾರದು. ಹೇಳಲು ಇಷ್ಟವಿಲ್ಲದಿದ್ದರೆ ಸುಮ್ಮನಿರುವ ಸ್ವಾತಂತ್ರ್ಯವೂ ಮಗುವಿಗಿದೆ. ಅದು ಹೇಳಿದ ಮಾತಿಗೆ ಎಷ್ಟು ಬೆಲೆ ಸಿಕ್ಕಿತು ಎಂದು ನಂತರ ಮಗುವಿಗೇ ತಿಳಿಸಬೇಕು. ನನ್ನ ಮಗ ಎರಡನೆಯ ಸಲ ‘ಗೊತ್ತಿಲ್ಲ’ ಎಂದಾಗಲೇ ಅವನನ್ನು ಬಿಟ್ಟುಬಿಡಬೇಕಿತ್ತು. ತನ್ನ ಒಂದು ‘ಹೂಂ’ನಿಂದ ಅಮ್ಮನ ಭೇಟಿ ಹದಿನೈದು ದಿನಕ್ಕೊಮ್ಮೆ ಆಯಿತೆಂದು ಅವನಿಗೆ ಇಂದಿಗೂ ಯಾರೂ ಹೇಳಿಲ್ಲ. ಮೊನ್ನೆ ನನ್ನನ್ನೇ ಕೇಳಿದ, ‘ನೀನು ಯಾಕೆ ಕಳೆದ ವಾರ ಬರಲಿಲ್ಲ?’ ಎಂದು.

ಅದಕ್ಕೆ ನಾನು ಏನು ಉತ್ತರ ಕೊಡಬೇಕಿತ್ತು? ನಿನ್ನ ಮಾತಿನಿಂದಲೇ ಎಂದು ಹೇಳಿದರೆ ಆ ಮಗು ಬದುಕಿಡೀ ಆ ಹೊರೆ ಹೊರುತ್ತದೆ. ಅಪ್ಪನನ್ನು ದೂರಿದರೆ ಮುಂದಿನ ವರದಿಯಲ್ಲಿ ‘ತಾಯಿ ಮಗುವಿನ ತಲೆ ಕೆಡಿಸುತ್ತಾಳೆ’ ಎಂದು ಬರುತ್ತದೆ. ಕೆಲಸವಿತ್ತು ಎಂದೆ. ಮಗನಿಗೆ ನಾನು ಹೇಳಿದ ಮೊದಲ ಸುಳ್ಳು ಅದು, ಅದನ್ನು ನನ್ನಿಂದ ಹೇಳಿಸಿದ್ದು ಆ ವರದಿ.

ನನ್ನ ಬಗ್ಗೆಯೂ ಬರೆದಿದ್ದಾರೆ. ಅಧಿಕಾರಿಯ ಮುಂದೆ ಕಣ್ಣು ತುಂಬಿ ಬಂದದ್ದಕ್ಕೆ ‘ಭಾವನಾತ್ಮಕವಾಗಿ ಅಸ್ಥಿರ’. ಮುಂದಿನ ಸಲ ಹಲ್ಲು ಕಚ್ಚಿ ಕುಳಿತದ್ದಕ್ಕೆ ‘ನಿರ್ಲಿಪ್ತ’. ಒಂದು ಪ್ರಶ್ನೆ ಕೇಳಿದ್ದಕ್ಕೆ ‘ಸಹಕಾರದ ಕೊರತೆ’. ಇದಿಷ್ಟನ್ನೂ ನುಂಗಿಕೊಳ್ಳುತ್ತೇನೆ. ನಾನು ದೊಡ್ಡವಳು.

ಹೆತ್ತವರಿಂದಲೇ ಹಿಂಸೆ ಅನುಭವಿಸುವ ಮಕ್ಕಳಿದ್ದಾರೆ. ಅವರನ್ನು ಕಾಪಾಡಲು ಇಂಥ ಅಧಿಕಾರಿಗಳು ಇರಲೇಬೇಕು, ಅವರಿಗೆ ಅಧಿಕಾರವೂ ಇರಲೇಬೇಕು. ಅದಕ್ಕಾಗಿಯೇ ನನ್ನ ಸಿಟ್ಟು. ಹಲ್ಲನ್ನು ಗುರುತಿಸಲಾರದ ಕಣ್ಣು ಗಾಯವನ್ನು ಹೇಗೆ ಗುರುತಿಸುತ್ತದೆ? ಬಾಗಿಲು ತೆರೆದಿಟ್ಟು ಕೇಳುವವರಿಗೆ, ಆ ಬಾಗಿಲಿನಾಚೆ ಇರುವವರಿಗೇ ಹೆದರುವ ಮಗು ಏನನ್ನು ತಾನೇ ಹೇಳೀತು?

ತಿದ್ದಿಸಲು ಹೋದೆ. ಮೊದಲ ಪತ್ರಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ‘ವರದಿ ಈಗಾಗಲೇ ಸಲ್ಲಿಕೆಯಾಗಿದೆ’ ಎಂಬ ಉತ್ತರ. ಆಕ್ಷೇಪಣೆ ಸಲ್ಲಿಸೋಣ, ಅಧಿಕಾರಿಯನ್ನು ಪಾಟೀಸವಾಲಿಗೆ ಕರೆಸೋಣ ಎಂದರೆ ವಾಯಿದೆಯ ಮೇಲೆ ವಾಯಿದೆ. ವಿಶ್ವಸಂಸ್ಥೆಯ ಅದೇ ಸಮಿತಿ 2013ರಲ್ಲಿ ಹೇಳಿದೆ, ಕಾಲ ಸರಿಯುವುದು ಮಕ್ಕಳಿಗೂ ದೊಡ್ಡವರಿಗೂ ಒಂದೇ ರೀತಿ ಅನ್ನಿಸುವುದಿಲ್ಲ ಎಂದು. ಇಂಗ್ಲೆಂಡಿನ 1989ರ ಮಕ್ಕಳ ಕಾಯ್ದೆಯಲ್ಲಂತೂ ವಿಳಂಬವೇ ಮಗುವಿನ ಹಿತಕ್ಕೆ ಧಕ್ಕೆ ತರುವ ಸಂಭವವಿದೆ ಎಂಬ ಮಾತು ಮೊದಲ ಸೆಕ್ಷನ್‌ನಲ್ಲೇ ಇದೆ. ಮೂರು ತಿಂಗಳು ನ್ಯಾಯಾಲಯದ ಕಡತಕ್ಕೆ ಏನೂ ಅಲ್ಲ. ಅಷ್ಟರಲ್ಲಿ ಅವನ ಅಂಗಿಯ ಅಳತೆ ಬದಲಾಗಿದೆ.

ಯಾರಾದರೂ ಗೆದ್ದದ್ದುಂಟೇ ಎಂದು ಹುಡುಕುತ್ತಾ ಹೋದಾಗ ಜರ್ಮನಿಯ ಒಬ್ಬ ತಂದೆಯ ಪ್ರಕರಣ ಸಿಕ್ಕಿತು. ಎಳೆಯ ಮಗ ತನಗೆ ತಂದೆಯ ಭೇಟಿ ಬೇಡವೆಂದದ್ದನ್ನು ಹಿಡಿದುಕೊಂಡು ಅಲ್ಲಿನ ನ್ಯಾಯಾಲಯಗಳು ಭೇಟಿಯನ್ನು ನಿರಾಕರಿಸಿದ್ದವು. ಸ್ವತಂತ್ರ ಮನೋವೈಜ್ಞಾನಿಕ ತಜ್ಞರ ವರದಿ ತರಿಸಿ ಎಂಬ ಬೇಡಿಕೆಯನ್ನೂ ತಳ್ಳಿಹಾಕಿದ್ದವು. 2000ದ ಜುಲೈನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಇದು ಆತನ ಕುಟುಂಬ ಜೀವನದ ಹಕ್ಕಿನ ಉಲ್ಲಂಘನೆ, ನ್ಯಾಯಯುತ ವಿಚಾರಣೆಯ ಹಕ್ಕಿನ ಉಲ್ಲಂಘನೆಯೂ ಹೌದು ಎಂದು ತೀರ್ಪು ಕೊಟ್ಟಿತು. ಓದುವಾಗ ಸಮಾಧಾನವಾಯಿತು. ಆಮೇಲೆ ವರ್ಷ ಎಣಿಸಿದೆ. ಮಗ ಹುಟ್ಟಿದ್ದು 1986ರಲ್ಲಿ. ತೀರ್ಪು ಬಂದಾಗ ಅವನಿಗೆ ಹದಿಮೂರು.

ನನಗೆ ಅಷ್ಟು ವರ್ಷಗಳಿಲ್ಲ. ಮೂರನೆಯ ಪತ್ರ ಬರೆದಿದ್ದೇನೆ, ಈ ಸಲ ಒಂದೇ ಸಾಲು ತಿದ್ದಿ ಎಂದು ಕೇಳಿದ್ದೇನೆ. ‘ವಸ್ತು’ ಎಂಬುದನ್ನು ಹೊಡೆದು ‘ತಾಯಿಗೆ ತೋರಿಸಲು ತಂದ ಹಲ್ಲು’ ಎಂದು ಬರೆಯಿರಿ. ಉತ್ತರ ಬಂದಿಲ್ಲ. ಹೋದ ಭೇಟಿಯಲ್ಲಿ ಅವನ ಇನ್ನೊಂದು ಹಲ್ಲು ಅಲುಗಾಡುತ್ತಿತ್ತು. ಮುಂದಿನ ಭೇಟಿಗೆ ಇನ್ನೂ ಒಂಬತ್ತು ದಿನಗಳಿವೆ.