‘ಏನೂ ಬೇಡ, ಬಿಟ್ಟರೆ ಸಾಕು’ ಅನ್ನುವ ಮುಂಚೆ

ಐಟಿ ರಿಟರ್ನ್ ತುಂಬಿಸಿಕೊಡುವುದು ನನ್ನ ಕೆಲಸ. ನಾನು ವಕೀಲೆ ಅಲ್ಲ. ಆದರೂ ಡೈವೋರ್ಸ್ ಆದವರ ಕಾಗದಪತ್ರ ನನ್ನ ಮೇಜಿಗೆ ಬರುತ್ತಲೇ ಇರುತ್ತದೆ. ಅದೂ ಕೋರ್ಟು, ವಾಯಿದೆ ಎಲ್ಲ ಮುಗಿದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಬ್ಯಾಂಕಿನಿಂದ ನೋಟಿಸ್ ಬಂದಿರುತ್ತದೆ. ಇಲ್ಲವೇ ಮನೆ ಮಾರಲು ಹೋದಾಗ ಪತ್ರದಲ್ಲಿ ಮಾಜಿ ಗಂಡನ ಹೆಸರು ಹಾಗೇ ಕೂತಿರುತ್ತದೆ. ರಾಜಿ ಪತ್ರ ತೋರಿಸಿ ಅಂದರೆ ಎರಡೇ ಹಾಳೆ ಕೊಡುತ್ತಾರೆ. ಅದರಲ್ಲಿ ಒಂದು ಮಾತು ಮಾತ್ರ ತಪ್ಪದೇ ಇರುತ್ತದೆ: ಇನ್ನು ಮುಂದೆ ಇಬ್ಬರೂ ಒಬ್ಬರ ಮೇಲೊಬ್ಬರು ಯಾವ ಹಕ್ಕನ್ನೂ ಕೇಳತಕ್ಕದ್ದಲ್ಲ.

ಹುಡುಗಿ ಮನೆಯವರು ಇದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ‘ಅವರ ದುಡ್ಡು ನಮಗೆ ಯಾಕಮ್ಮ, ಮಗಳು ಅಲ್ಲಿಂದ ಆಚೆ ಬಂದರೆ ಸಾಕು.’ ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮದುವೆ ಮಾತುಕತೆಯಲ್ಲಿ ಎಷ್ಟು ಗ್ರಾಂ ಚಿನ್ನ, ಛತ್ರದ ಬಾಡಿಗೆ ಯಾರದ್ದು, ಊಟದ ಖರ್ಚು ಯಾರದ್ದು ಅಂತ ಪೈಸೆ ಪೈಸೆ ಲೆಕ್ಕ ಹಾಕಿದ್ದು ಇದೇ ಹಿರಿಯರು ಅಲ್ವಾ? ಬಿಡುವಾಗ ಲೆಕ್ಕ ಕೇಳಿದರೆ ಮಾತ್ರ ಮರ್ಯಾದೆ ಹೋಗುತ್ತದಂತೆ. ನನ್ನ ಪ್ರಕಾರ ಲೆಕ್ಕ ಕೇಳದೆ ಸಹಿ ಹಾಕುವುದು ಸ್ವಾಭಿಮಾನ ಅಲ್ಲ. ಅದು ಸುಸ್ತು. ಸುಸ್ತಾದವರ ಕೈಯಿಂದ ಸಹಿ ಹಾಕಿಸಿಕೊಳ್ಳುವುದು ಬಹಳ ಸುಲಭ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಛಾಪಾ ಕಾಗದದ ಮೇಲೆ ‘ನಾವಿಬ್ಬರೂ ಬೇರೆಯಾಗಿದ್ದೇವೆ’ ಅಂತ ಬರೆಸಿ, ನೋಟರಿ ಸೀಲು ಹಾಕಿಸಿ, ನಾಲ್ಕು ಜನ ಹಿರಿಯರು ಸಹಿ ಹಾಕಿದರೆ ಡೈವೋರ್ಸ್ ಆಯಿತು ಅಂತ ನಂಬಿದವರು ಇವತ್ತಿಗೂ ಇದ್ದಾರೆ. ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಯನ್ನು ಮುರಿಯಲು ಕೋರ್ಟಿನ ಡಿಕ್ರಿಯೇ, ಅಂದರೆ ಕೋರ್ಟು ಕೊಡುವ ವಿಚ್ಛೇದನದ ತೀರ್ಪೇ ಬೇಕು. ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ನಡೆದು ಬಂದ ಬಿಡುಗಡೆ ಪದ್ಧತಿಗೆ ಕಾಯ್ದೆ ಜಾಗ ಬಿಟ್ಟಿದೆ, ನಿಜ. ಆದರೆ ಅಂಥ ಪದ್ಧತಿ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಅದು ಸುಲಭವಲ್ಲ. ಛಾಪಾ ಕಾಗದ ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ಜೊತೆಗೆ ಮೊದಲ ಮದುವೆ ಇರುವಾಗಲೇ ಮತ್ತೊಂದು ಮದುವೆಯಾದ ಅಪರಾಧ ಬೇರೆ. ಎರಡನೆಯವಳಾಗಿ ಬಂದ ಹೆಣ್ಣುಮಗಳಿಗೆ ಇದು ಗೊತ್ತಾಗುವುದು ಗಂಡ ತೀರಿಕೊಂಡು, ಪಿಂಚಣಿಗೆ ಅರ್ಜಿ ಹಾಕಿದಾಗ.

ಇನ್ನು ಕೋರ್ಟಿನ ದಾರಿ. ಇಬ್ಬರೂ ಒಪ್ಪಿದರೆ ‘ಮ್ಯೂಚುವಲ್’, ಅಂದರೆ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ. ಕನಿಷ್ಠ ಒಂದು ವರ್ಷ ಬೇರೆ ಬದುಕಿರಬೇಕು. ಬೇರೆ ಅಂದರೆ ಬೇರೆ ಮನೆಯೇ ಆಗಬೇಕಿಲ್ಲ, ಗಂಡ ಹೆಂಡತಿಯಾಗಿ ಬದುಕುತ್ತಿಲ್ಲ ಅಂದರೆ ಸಾಕು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಹದಿನೆಂಟು ತಿಂಗಳೊಳಗೆ ಬಂದು ಇಬ್ಬರೂ ಮತ್ತೊಮ್ಮೆ ಒಪ್ಪಿಗೆ ಹೇಳಬೇಕು. ಈ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆದರೆ ಕೇಳಿದವರಿಗೆಲ್ಲ ಸಿಗುವುದಿಲ್ಲ. ಬೇರೆಯಾಗಿ ಒಂದೂವರೆ ವರ್ಷ ಆಗಿರಬೇಕು, ಜೀವನಾಂಶ, ಮಕ್ಕಳು ಎಲ್ಲ ನಿಜವಾಗಿ ಇತ್ಯರ್ಥ ಆಗಿರಬೇಕು. ಡಿಕ್ರಿ ಆಗುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. ಅದಕ್ಕೇ ಹೇಳುವುದು, ಪೂರ್ತಿ ಹಣವನ್ನು ಮೊದಲೇ ಕೈಯಲ್ಲಿ ಕೊಟ್ಟು ಕೂರಬೇಡಿ. ಡಿಕ್ರಿ ಆದಮೇಲೆ ಕೊಡುತ್ತೇನೆ ಅನ್ನುವ ಮಾತನ್ನೂ ನಂಬಬೇಡಿ. ಕೊನೆಯ ಕಂತು ಎರಡನೇ ಒಪ್ಪಿಗೆಯ ದಿನ ಕೋರ್ಟಿನಲ್ಲೇ ಡಿಡಿ ರೂಪದಲ್ಲಿ ಬರಲಿ. ಗಂಡಸರಿಗೂ ಇದೇ ಮಾತು. ಮಾವನ ಮನೆಯ ಜಗಲಿಯಲ್ಲಿ ನಗದು ಎಣಿಸಿಕೊಟ್ಟು, ರಸೀದಿ ಇಲ್ಲದೆ, ಆಮೇಲೆ ‘ಕೊಟ್ಟಿದ್ದೆ’ ಅಂತ ಒದ್ದಾಡುವವರನ್ನೂ ನೋಡಿದ್ದೇನೆ.

ಒಬ್ಬರು ಒಪ್ಪದಿದ್ದರೆ ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿದ್ದು, ಹೀಗೆ ಕಾಯ್ದೆಯಲ್ಲಿರುವ ಯಾವುದಾದರೂ ಕಾರಣವನ್ನು ಸಾಕ್ಷಿ ಸಮೇತ ಸಾಬೀತು ಮಾಡಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ‘ಸಂಬಂಧ ಪೂರ್ತಿ ಮುರಿದುಬಿದ್ದಿದೆ’ ಅನ್ನುವುದೊಂದೇ ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ ಕಾರಣವಲ್ಲ. ಆ ಆಧಾರದ ಮೇಲೆ ಮದುವೆ ಮುಗಿಸುವ ಅಧಿಕಾರ ತನಗಿದೆ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಊರಿನ ಫ್ಯಾಮಿಲಿ ಕೋರ್ಟಿಗೆ ಆ ಅಧಿಕಾರ ಇಲ್ಲ.

ಈಗ ನನಗೆ ಗೊತ್ತಿರುವ ಭಾಗಕ್ಕೆ ಬರುತ್ತೇನೆ, ಮನೆ ಮತ್ತು ಸಾಲ. ತುಂಬಾ ಜನ ಸಿನಿಮಾ, ಸೀರಿಯಲ್ ನೋಡಿ ಡೈವೋರ್ಸ್ ಆದರೆ ಅರ್ಧ ಆಸ್ತಿ ಬರುತ್ತದೆ ಅಂದುಕೊಂಡಿದ್ದಾರೆ. ಇಲ್ಲ. ಮದುವೆಯಾದ ಮೇಲೆ ಸಂಪಾದಿಸಿದ್ದು ಇಬ್ಬರದ್ದೂ ಅನ್ನುವ ಕಾನೂನು ನಮ್ಮ ರಾಜ್ಯದಲ್ಲಿಲ್ಲ. ಪತ್ರ ಯಾರ ಹೆಸರಿನಲ್ಲಿದೆಯೋ ಆಸ್ತಿ ಅವರದ್ದು. ನಾನೂ ಹಣ ಹಾಕಿದ್ದೇನೆ ಅನ್ನುವವರು ಅದನ್ನು ತೋರಿಸಬೇಕು.

ಇಲ್ಲೇ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಸಿಕ್ಕಿಕೊಳ್ಳುವುದು. ಮದುವೆಯಾದ ಹೊಸದರಲ್ಲಿ ಪ್ರೀತಿಯಿಂದಲೇ ಮಾತಾಗಿರುತ್ತದೆ: ಗಂಡನ ಸಂಬಳದಲ್ಲಿ ಇಎಂಐ, ಹೆಂಡತಿಯ ಸಂಬಳದಲ್ಲಿ ದಿನಸಿ, ಹಾಲು, ಸ್ಕೂಲ್ ಫೀಸು, ಅತ್ತೆಯ ಮಾತ್ರೆ, ಹಬ್ಬದ ಬಟ್ಟೆ. ಕೇಳಲು ಸಮಪಾಲು. ಹತ್ತು ವರ್ಷ ಆದಮೇಲೆ ನೋಡಿ. ಅವನ ಹಣ ಇಟ್ಟಿಗೆ ಸಿಮೆಂಟಾಗಿ ನಿಂತಿದೆ, ಬೆಲೆ ಏರಿದೆ. ಅವಳ ಹಣ ತಿಂದು ಉಟ್ಟು ಖಾಲಿಯಾಗಿದೆ. ಇಬ್ಬರೂ ಅಷ್ಟೇ ದುಡಿದಿದ್ದಾರೆ. ಒಬ್ಬರ ಹತ್ತಿರ ಪತ್ರ ಇದೆ, ಇನ್ನೊಬ್ಬರ ಹತ್ತಿರ ದಿನಸಿ ಅಂಗಡಿಯ ಚೀಟಿಯೂ ಇಲ್ಲ. ಇದರಲ್ಲಿ ಯಾರೂ ಮೋಸ ಮಾಡಬೇಕು ಅಂತ ಹೊರಟಿರಲಿಲ್ಲ, ಅದೇ ಬೇಜಾರು. ಮನೆಯಲ್ಲೇ ಇದ್ದು ದುಡಿದ ಹೆಣ್ಣಿನ ಪಾಡಂತೂ ಕೇಳಲೇಬೇಡಿ. 2023ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಕೇಸಿನಲ್ಲಿ, ಹೆಂಡತಿ ಮನೆ ನೋಡಿಕೊಂಡಿದ್ದರಿಂದಲೇ ಗಂಡ ಸಂಪಾದಿಸಲು ಆಯಿತು, ಆದ್ದರಿಂದ ಆಸ್ತಿಯಲ್ಲಿ ಅವಳಿಗೂ ಪಾಲಿದೆ ಅಂತ ಹೇಳಿತು. ಓದಿ ಖುಷಿಯಾಯಿತು. ಆದರೆ ಅದು ನಮ್ಮ ರಾಜ್ಯದ ಕೋರ್ಟುಗಳು ಪಾಲಿಸಲೇಬೇಕಾದ ತೀರ್ಪಲ್ಲ. ಹಾಗಾಗಿ ಇಎಂಐನ ಒಂದಿಷ್ಟು ಭಾಗ ನಿಮ್ಮ ಖಾತೆಯಿಂದಲೂ ಹೋಗಲಿ, ಪತ್ರದಲ್ಲಿ ನಿಮ್ಮ ಹೆಸರೂ ಇರಲಿ. ಚೆನ್ನಾಗಿ ಬಾಳುತ್ತಿರುವವರಿಗೂ ನಾನು ಇದನ್ನೇ ಹೇಳುತ್ತೇನೆ. ನನ್ನ ತಂಗಿಗೂ ಹೇಳಿದ್ದೇನೆ, ಭಾವ ಎದುರಿಗೇ ಕೂತಿದ್ದರು.

ಜಂಟಿ ಸಾಲದ ಕಥೆ ಇನ್ನೂ ಕಷ್ಟ. ‘ಮುಂದಿನ ಕಂತುಗಳನ್ನು ಗಂಡನೇ ಕಟ್ಟತಕ್ಕದ್ದು’ ಅಂತ ರಾಜಿ ಪತ್ರದಲ್ಲಿ ಬರೆದಿರುತ್ತಾರೆ. ಒಳ್ಳೆಯದು. ಆದರೆ ಆ ಪತ್ರಕ್ಕೆ ಬ್ಯಾಂಕ್ ಸಹಿ ಹಾಕಿಲ್ಲ. ಬ್ಯಾಂಕಿನ ಲೆಕ್ಕದಲ್ಲಿ ನೀವು ಇನ್ನೂ ಸಾಲಗಾರರೇ. ಅವರು ಕಟ್ಟದಿದ್ದರೆ ನೋಟಿಸ್ ನಿಮಗೂ ಬರುತ್ತದೆ, ನಿಮ್ಮ ಸಿಬಿಲ್ ಸ್ಕೋರೂ ಬೀಳುತ್ತದೆ. ನಾಳೆ ನೀವು ಸ್ಕೂಟರ್ ಸಾಲ ಕೇಳಿದರೂ ‘ಇಲ್ಲ ಮೇಡಂ’ ಅನ್ನುತ್ತಾರೆ. ಡಿಕ್ರಿಗೆ ಮುಂಚೆಯೇ ಬ್ಯಾಂಕಿಗೆ ಹೋಗಿ, ಸಾಲವನ್ನು ಒಬ್ಬರ ಹೆಸರಿಗೆ ಬದಲಿಸುತ್ತಾರಾ ಕೇಳಿ. ಅವರ ಸಂಬಳ ಸಾಲದು ಅಂದರೆ ಬ್ಯಾಂಕ್ ಒಪ್ಪುವುದಿಲ್ಲ. ಆಗ ಮನೆ ಮಾರಿ ಸಾಲ ತೀರಿಸಿ ಉಳಿದದ್ದು ಹಂಚಿಕೊಳ್ಳುವುದೇ ವಾಸಿ. ಒಬ್ಬರು ತಮ್ಮ ಪಾಲು ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಕುಟುಂಬದವರ ನಡುವೆ ಆದರೆ ಕರ್ನಾಟಕದಲ್ಲಿ ಅದರ ಮುದ್ರಾಂಕ ಶುಲ್ಕ ಕಡಿಮೆ. ಡಿಕ್ರಿ ಆದಮೇಲೆ ನೀವಿಬ್ಬರೂ ಕುಟುಂಬ ಅಲ್ಲ. ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ಚಿನ್ನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮದುವೆಯಲ್ಲಿ ಹೆಣ್ಣಿಗೆ ಅಂತ ಕೊಟ್ಟದ್ದೆಲ್ಲ ಅವಳದ್ದೇ, ಸ್ತ್ರೀಧನ. ಗಂಡನ ಮನೆಯವರು ಇಟ್ಟುಕೊಂಡಿದ್ದರೂ ಅದು ಅವರದ್ದಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1985ರಷ್ಟು ಹಿಂದೆಯೇ ಹೇಳಿದೆ. ಆದರೆ ರಾಜಿ ಪತ್ರದಲ್ಲಿ ‘ಸ್ತ್ರೀಧನವೆಲ್ಲ ಕೈಸೇರಿದೆ’ ಅಂತ ಒಂದು ಸಾಲು ಇರುತ್ತದೆ, ಹುಡುಕಿ. ಕೈಸೇರದೆ ಅದಕ್ಕೆ ಸಹಿ ಹಾಕಬೇಡಿ.

ಜೀವನಾಂಶಕ್ಕೆ ಬಂದರೆ, ಸಂಬಳದ ಇಂತಿಷ್ಟು ಪಾಲು ಅನ್ನುವ ಕಟ್ಟುನಿಟ್ಟಿನ ಸೂತ್ರ ಇಲ್ಲ. ಜನ ಹೇಳುವ ಶೇ 25 ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸರಿ ಅಂದ ಲೆಕ್ಕ, ಎಲ್ಲರಿಗೂ ಮಾಡಿದ ನಿಯಮ ಅಲ್ಲ. ನನಗೆ ಇಷ್ಟವಾದದ್ದು 2020ರ ರಜನೇಶ್ ವರ್ಸಸ್ ನೇಹಾ ತೀರ್ಪು. ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದುಕೊಡಬೇಕು ಅಂತ ಅದು ಹೇಳಿತು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಅಂತಲೂ ಹೇಳಿತು. ನಿನ್ನೆಯವರೆಗೆ ಕಾರು ಓಡಿಸುತ್ತಿದ್ದವನು ಕೇಸ್ ಬಿದ್ದ ಕೂಡಲೇ ‘ಕೆಲಸ ಹೋಗಿದೆ ಸ್ವಾಮಿ’ ಅನ್ನುತ್ತಾನಲ್ಲ, ಅವನ ಐಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಆಗ ಬಾಯಿಬಿಡುತ್ತವೆ. ಹೆಂಡತಿಯೂ ತನ್ನ ಸಂಬಳ ಮುಚ್ಚಿಡುವ ಹಾಗಿಲ್ಲ. ಅಂದಹಾಗೆ ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡನೂ ಜೀವನಾಂಶ ಕೇಳಬಹುದು. ಕಾಮೆಂಟಿನಲ್ಲಿ ಜಗಳಕ್ಕೆ ಬರುವವರಿಗೆ ಮುಂಚೆಯೇ ಹೇಳಿಟ್ಟೆ.

ತಿಂಗಳು ತಿಂಗಳು ಬರುವುದು ಒಳ್ಳೆಯದೋ, ಒಂದೇ ಸಲಕ್ಕೆ ಗಂಟಾಗಿ ತಗೊಳ್ಳುವುದೋ? ತೆರಿಗೆ ಲೆಕ್ಕದಲ್ಲಿ ಒಟ್ಟಿಗೆ ಬಂದ ಮೊತ್ತವನ್ನು ಆದಾಯ ಅಂತ ನೋಡುವುದಿಲ್ಲ, ತಿಂಗಳಿಗೆ ಬರುವುದನ್ನು ಆದಾಯ ಅಂತ ನೋಡುತ್ತಾರೆ. ಬಾಂಬೆ ಹೈಕೋರ್ಟಿನ ಹಳೆಯ ತೀರ್ಪೊಂದು ಇದಕ್ಕೆ ಆಧಾರ. ಗಂಟಾಗಿ ಬಂದ ಹಣವನ್ನು ಎಫ್‌ಡಿ ಇಟ್ಟರೆ ಬಡ್ಡಿಗೆ ತೆರಿಗೆ ಇದ್ದೇ ಇದೆ. ಕೊಟ್ಟವರಿಗೆ ಯಾವ ರಿಯಾಯಿತಿಯೂ ಇಲ್ಲ. ಆದರೆ ತೆರಿಗೆ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ತಿಂಗಳ ಹಣ ನಿಂತರೆ ಮತ್ತೆ ಕೋರ್ಟಿಗೆ ಅಲೆಯಬೇಕು. ಜೀವನಾಂಶಕ್ಕೆಂದೇ ಇರುವ ಸಿಆರ್‌ಪಿಸಿಯ ಹಳೆಯ ಸೆಕ್ಷನ್ 125, ಅದರ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್ ಕಾಯ್ದೆಯ ಸೆಕ್ಷನ್ 144ರ ಕೆಳಗೆ ಆದೇಶ ಆಗಿದ್ದರೆ, ಬಾಕಿಗೆ ವಾರಂಟ್ ಬೇಕೆಂದರೆ ಹಣ ಬರಬೇಕಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ‘ಕೊಡ್ತಾನೆ ಬಿಡಿ’ ಅಂತ ಎರಡು ವರ್ಷ ಸುಮ್ನೆ ಕೂತರೆ ಆ ದಾರಿ ಮುಚ್ಚುತ್ತದೆ. ಇನ್ನೊಂದು ಕಡೆ, ಗಂಟಾಗಿ ಬಂದ ಹಣ ಅಣ್ಣನ ವ್ಯಾಪಾರಕ್ಕೆ ‘ಕೈಸಾಲ’ವಾಗಿ ಹೋಗಿ ಕರಗಿದ್ದನ್ನೂ ಕಂಡಿದ್ದೇನೆ. ತವರಿನವರಿಗೆ ಇದು ಕಹಿ ಅನ್ನಿಸಬಹುದು, ಅನ್ನಿಸಲಿ.

ಮಕ್ಕಳ ಪಾಲಿನ ಖರ್ಚನ್ನು ತಾಯಿಯಾಗಲಿ ತಂದೆಯಾಗಲಿ ಸಹಿ ಹಾಕಿ ಬಿಟ್ಟುಕೊಡಲು ಬರುವುದಿಲ್ಲ. ಅದು ಮಗುವಿನ ಹಕ್ಕು. ‘ಮಗು ನನ್ನ ಹತ್ತಿರ ಇರಲಿ, ಒಂದು ರೂಪಾಯಿಯೂ ಬೇಡ’ ಅಂತ ಬರೆದುಕೊಟ್ಟಿದ್ದರೂ ನಾಳೆ ಮಗುವಿನ ಪರವಾಗಿ ಕೇಳಬಹುದು. ಆದರೆ ಈಗಲೇ ಸರಿಯಾಗಿ ಬರೆಸಿದರೆ ಆ ಅಲೆದಾಟ ತಪ್ಪುತ್ತದೆ. ಯುಕೆಜಿ ಫೀಸು ನೋಡಿ ಮೊತ್ತ ಬರೆಸುತ್ತಾರೆ, ಪಿಯುಸಿ ಯಾರಿಗೂ ನೆನಪಿರುವುದಿಲ್ಲ. ವರ್ಷಕ್ಕೆ ಇಷ್ಟು ಹೆಚ್ಚಬೇಕು, ಕಾಲೇಜಿನ ಖರ್ಚು ಯಾರದ್ದು, ಪಾಸ್‌ಪೋರ್ಟ್ ಅರ್ಜಿಗೆ ಸಹಿ ಯಾರು ಹಾಕಬೇಕು, ಎಲ್ಲವೂ ಆ ಹಾಳೆಯಲ್ಲಿ ಬರಲಿ. ಹಾಳೆ ಎರಡರ ಬದಲು ಎಂಟಾದರೆ ಯಾರ ಗಂಟೂ ಹೋಗುವುದಿಲ್ಲ.

ಡಿಕ್ರಿ ಕೈಗೆ ಬಂದಮೇಲೆ ದೃಢೀಕೃತ ಪ್ರತಿಗಳನ್ನು ನಾಲ್ಕೈದು ತೆಗೆದಿಟ್ಟುಕೊಳ್ಳಿ. ಪಿಎಫ್, ಎಲ್‌ಐಸಿ, ಬ್ಯಾಂಕ್ ಖಾತೆ ಎಲ್ಲ ಕಡೆ ನಾಮಿನಿ ಬದಲಿಸಿ, ಅವು ತಾವಾಗಿ ಬದಲಾಗುವುದಿಲ್ಲ. ಗಂಡನ ಆಫೀಸಿನ ಆರೋಗ್ಯ ವಿಮೆಯಲ್ಲಿ ಇದ್ದವರು ನಿಮ್ಮದೇ ಪಾಲಿಸಿಯನ್ನು ಮೊದಲೇ ಮಾಡಿಸಿಕೊಳ್ಳಿ.

ವಕೀಲರಿಗೆ ಕೊಡಲು ಹಣ ಇಲ್ಲ ಅನ್ನುವವರಿಗೆ: ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಸಹಾಯವಾಣಿ 15100. ರಾಜಿ ಪತ್ರದ ಕರಡನ್ನು ಸಹಿ ಹಾಕುವ ಮುಂಚೆ ಅಲ್ಲಿಗೆ ತೆಗೆದುಕೊಂಡು ಹೋಗಿ ತೋರಿಸಿ. ನನ್ನ ಹತ್ತಿರ ಆಮೇಲೆ ಬಂದರೂ ನಡೆಯುತ್ತದೆ.